ಊದುಗೊಳವೆ ಬೇಡದ ಸೌದೆ ಒಲೆ

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಶನಿವಾರ, ಭಾನುವಾರ ಮನೆಮನೆಯ ಹಿತ್ತಿಲಲ್ಲೂ ಹೊಗೆ ಏಳುತ್ತದೆ. ನಮ್ಮ ಮಲೆನಾಡಿನಲ್ಲಿ ಬೆಳಗಾಗುತ್ತಲೇ ಬಚ್ಚಲ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಏಳುತ್ತಿತ್ತಲ್ಲ, ಹಾಗೆ. ಆದರೆ ಇಲ್ಲಿಯದು ಸ್ನಾನದ ನೀರಿನ ಹೊಗೆಯಲ್ಲ, ಊಟದ ಹೊಗೆ. ಕೋಳಿ, ಮೀನು, ಮಾಂಸ, ಜೋಳದ ತೆನೆ, ಗೆಣಸು, ಎಲ್ಲವನ್ನೂ ಮುಚ್ಚಳವಿರುವ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು, ಸಣ್ಣ ಬೆಂಕಿಯ ಕಾವು ಮತ್ತು ಹೊಗೆಯಲ್ಲಿ ನಾಲ್ಕು, ಎಂಟು, ಕೆಲವೊಮ್ಮೆ ಹನ್ನೆರಡು ಗಂಟೆ ಬೇಯಿಸುತ್ತಾರೆ. ಈ ಪೆಟ್ಟಿಗೆಗೆ ಸ್ಮೋಕರ್ ಎಂದು ಹೆಸರು.

ಒರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಬಳಿ ಇರುವ ನನ್ನ ಮಗನ ಮನೆಯಲ್ಲಿ ಇದ್ದಿಲು ಹಾಕುವ ಹಳೆಯ ಸ್ಮೋಕರ್ ಒಂದಿತ್ತು. ಅದರ ತಳ ತುಕ್ಕು ಹಿಡಿದು ತೂತಾಗಿತ್ತು. ಹೊಸದನ್ನು ಕೊಳ್ಳುವ ಮಾತು ಬಂದದ್ದೇ ತಡ, ಮನೆಯಲ್ಲಿ ಮೂರು ಪಕ್ಷಗಳಾದವು. ಮಗನಿಗೆ ಈಗ ಎಲ್ಲರೂ ಕೊಳ್ಳುತ್ತಿರುವ ಪೆಲೆಟ್ ಗ್ರಿಲ್ಲೇ ಬೇಕು. ಸೊಸೆಗೆ ಒಲೆ ಯಾವುದಾದರೂ ಸರಿ, ವಾರವೆಲ್ಲ ಆಫೀಸಿನಲ್ಲಿ ದುಡಿದು ಭಾನುವಾರವೂ ಅದರ ಮುಂದೆ ಕಾವಲು ಕೂರುವಂತಿರಬಾರದು. ಮೂರನೆಯ ಪಕ್ಷ ನನ್ನ ಹೆಂಡತಿಯದು. ಅವಳಿಗೆ ಉಬ್ಬಸ. ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷ ಸೌದೆ ಒಲೆಯಲ್ಲೇ ಅಡುಗೆ ಮಾಡಿದವಳು. ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿ ಹತ್ತು ವರ್ಷವಾಯಿತು.

“ಕುಡಿದ ಹೊಗೆ ಸಾಕು ಕಣೋ. ಇಲ್ಲಿಗೆ ಬಂದೂ ಅದೇ ಹೊಗೆಯಾದರೆ ಮುಂದಿನ ವರ್ಷ ನಾನು ಬರೋದಿಲ್ಲ” ಎಂದು ಮಗನಿಗೆ ಹೇಳಿಯೇ ಬಿಟ್ಟಳು. ಅವಳು ತಮಾಷೆಗೆ ಹೇಳಿದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

“ಅಪ್ಪಯ್ಯ, ನೀವೇ ನೋಡಿ ಹೇಳಿ” ಎಂದ ಮಗ. ಮನೆಯಲ್ಲಿ ಬಿಡುವಿದ್ದವನು ನಾನೊಬ್ಬನೇ. ಏಳನೆಯ ತರಗತಿಯ ಮೊಮ್ಮಗಳು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಜೊತೆಗೆ ಬಂದಳು. ಮೂರು ವಾರ ನಾವಿಬ್ಬರೂ ಅಂಗಡಿಗಳನ್ನೂ ಅಕ್ಕಪಕ್ಕದ ಹಿತ್ತಿಲುಗಳನ್ನೂ ಸುತ್ತಿದೆವು. ಆ ನೋಟ್‌ಬುಕ್ಕಿನ ಸಾರ ಇಲ್ಲಿದೆ.

ಹೊಟ್ಟಿನಿಂದ ಗುಳಿಗೆ

ಪೆಲೆಟ್ ಎಂದರೆ ಗುಳಿಗೆ. ಹಸುವಿಗೆ ಹಾಕುವ ಪಶು ಆಹಾರದ ಗುಳಿಗೆ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಆಕಾರ. ದಪ್ಪ ಸುಮಾರು 6 ಮಿಲಿಮೀಟರ್. ಆದರೆ ಇದು ಮರದ ಹೊಟ್ಟಿನಿಂದ ಮಾಡಿದ್ದು. ಒಣಗಿಸಿದ ಹೊಟ್ಟನ್ನು ತೂತುಗಳಿರುವ ಉಕ್ಕಿನ ಅಚ್ಚಿನ ಮೂಲಕ ಭಾರಿ ಒತ್ತಡದಲ್ಲಿ ತಳ್ಳುತ್ತಾರೆ, ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ. ಒತ್ತಡದಿಂದ ಹುಟ್ಟುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ, ತಣಿದಾಗ ಅಂಟಿನಂತೆ ಹೊಟ್ಟನ್ನು ಹಿಡಿದುಕೊಳ್ಳುತ್ತದೆ.

ಹೊಟ್ಟು ಉರಿಸುವುದು ನಮ್ಮ ಅಜ್ಜಿಯರಿಗೆ ಹೊಸದಲ್ಲ. ತಗಡಿನ ಡಬ್ಬದ ನಡುವೆ ಬಾಟಲಿಯನ್ನೋ ಒನಕೆಯ ತುಂಡನ್ನೋ ನಿಲ್ಲಿಸಿ, ಸುತ್ತ ಸಾಮಿಲ್ಲಿನ ಹೊಟ್ಟನ್ನು ಗಿಡಿದು, ಆಮೇಲೆ ಬಾಟಲಿ ಎಳೆದು ಆ ತೂತಿನಲ್ಲಿ ಬೆಂಕಿ ಮಾಡುತ್ತಿದ್ದ ಹೊಟ್ಟಿನ ಒಲೆ ಎಷ್ಟೋ ಮನೆಗಳಲ್ಲಿತ್ತು. ಒಮ್ಮೆ ಹಚ್ಚಿದರೆ ಗಂಟೆಗಟ್ಟಲೆ ಉರಿಯುತ್ತಿತ್ತು. ಆದರೆ ಉರಿ ಎಷ್ಟಿರಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ.

ಅಮೆರಿಕದಲ್ಲಿ 1970ರ ದಶಕದಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಮನೆ ಬೆಚ್ಚಗಿಡಲು ಬೇರೆ ಉರುವಲು ಹುಡುಕಿದರು. ಇಲ್ಲಿನ ವಾಯವ್ಯ ರಾಜ್ಯಗಳಾದ ವಾಷಿಂಗ್ಟನ್, ಒರೆಗನ್‌ಗಳಲ್ಲಿ ಸಾಮಿಲ್ಲುಗಳು ಬಹಳ, ಹೊಟ್ಟೂ ಬಹಳ. ಹೀಗೆ ಗುಳಿಗೆ ಉರಿಸುವ ಒಲೆಗಳು ಬಂದವು. ಪೋರ್ಟ್‌ಲ್ಯಾಂಡಿನ ದಕ್ಷಿಣಕ್ಕಿರುವ ಮೌಂಟ್ ಏಂಜಲ್ ಎಂಬ ಪುಟ್ಟ ಊರಿನಲ್ಲಿ ಮನೆ ಕಾಯಿಸುವ ಒಲೆಗಳ ವ್ಯಾಪಾರ ಮಾಡುತ್ತಿದ್ದ ಜೋ ಟ್ರೇಗರ್ ಎಂಬವರು 1980ರ ದಶಕದ ಮಧ್ಯದಲ್ಲಿ ಇದೇ ಉಪಾಯವನ್ನು ಅಡುಗೆಗೆ ತಂದರು. ಬಹಳ ವರ್ಷ ಈ ಒಲೆ ಮಾಡುವ ಹಕ್ಕು ಟ್ರೇಗರ್ ಕಂಪನಿಯದೇ ಆಗಿತ್ತು. ಪೇಟೆಂಟ್ ಮುಗಿದ ಮೇಲೆ ಪಿಟ್ ಬಾಸ್, ಕ್ಯಾಂಪ್ ಷೆಫ್, ರೆಕ್‌ಟೆಕ್, ವೆಬರ್ ಮೊದಲಾದವು ಒಂದೊಂದಾಗಿ ಕಣಕ್ಕಿಳಿದವು. ಅಂಗಡಿಯಲ್ಲಿ ಈಗ ಸಾಲುಸಾಲಾಗಿ ನಿಂತಿರುವ ಪೆಟ್ಟಿಗೆಗಳ ಹಿಂದಿನ ಕಥೆ ಇಷ್ಟು.

ಊದುವವರು ಯಾರು?

ಪೆಲೆಟ್ ಗ್ರಿಲ್ಲಿನ ಪಕ್ಕದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವಂಥದೇ ಒಂದು ಡಬ್ಬ ಇರುತ್ತದೆ. ಅದಕ್ಕೆ ಗುಳಿಗೆ ತುಂಬಬೇಕು. ಕೆಳಗೆ ಉದ್ದನೆಯ ತಿರುಪು ನಿಧಾನವಾಗಿ ತಿರುಗುತ್ತ, ಬೊಗಸೆಯಷ್ಟೇ ಇರುವ ಬೆಂಕಿ ಬಟ್ಟಲಿಗೆ ಗುಳಿಗೆಗಳನ್ನು ದೂಡುತ್ತದೆ. ಕರೆಂಟಿನ ಕಡ್ಡಿಯೊಂದು ಕೆಂಪಗೆ ಕಾದು ಅವಕ್ಕೆ ಬೆಂಕಿ ಹಚ್ಚುತ್ತದೆ. ಪುಟ್ಟ ಫ್ಯಾನು ಗಾಳಿ ಊದುತ್ತದೆ. ಬಟ್ಟಲಿನ ಮೇಲೆ ಅಗಲವಾದ ತಗಡು ಇರುವುದರಿಂದ ಜ್ವಾಲೆ ನೇರವಾಗಿ ಆಹಾರಕ್ಕೆ ತಗಲುವುದಿಲ್ಲ. ಬಿಸಿ ಗಾಳಿ ಮಾತ್ರ ಸುತ್ತುತ್ತದೆ. ಒಳಗಿನ ಕಾವನ್ನು ಅಳೆಯುವ ಕಡ್ಡಿಯೊಂದು ಸಣ್ಣ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಾವು ಇಳಿದರೆ ತಿರುಪು ಹೆಚ್ಚು ತಿರುಗುತ್ತದೆ, ಏರಿದರೆ ಕಡಿಮೆ ತಿರುಗುತ್ತದೆ.

“ಅಂದರೆ ಸೌದೆ ಒಟ್ಟುವವನೂ ಅದೇ, ಊದುಗೊಳವೆ ಹಿಡಿದವಳೂ ಅದೇ” ಎಂದಳು ಹೆಂಡತಿ. ಪೆಲೆಟ್ ಗ್ರಿಲ್ಲನ್ನು ಇದಕ್ಕಿಂತ ಚುಟುಕಾಗಿ ವಿವರಿಸಿದವರನ್ನು ನಾನು ಅಂಗಡಿಗಳಲ್ಲೂ ಕಾಣಲಿಲ್ಲ.

ಮಕ್ಕಳೇ, ಊದುಗೊಳವೆಯಲ್ಲಿ ಊದಿದರೆ ಹೊಗೆ ಏಕೆ ಕಡಿಮೆಯಾಗುತ್ತದೆ ಗೊತ್ತೆ? ಮರ ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಅವು ಉರಿದರೆ ಜ್ವಾಲೆ. ಉರಿಯದೆ ಉಳಿದರೆ ಹೊಗೆ. ಉರಿಯಲು ಕಾವಿನ ಜೊತೆಗೆ ಆಮ್ಲಜನಕ ಬೇಕು. ಊದಿದಾಗ ಅದು ಸಿಗುತ್ತದೆ. ದಟ್ಟವಾದ ಬಿಳಿ ಹೊಗೆ ಅರೆಬರೆ ಉರಿದ ಬೆಂಕಿಯ ಗುರುತು. ಕಣ್ಣು ಉರಿಸುತ್ತದೆ, ಅಡುಗೆಯನ್ನೂ ಕಹಿ ಮಾಡುತ್ತದೆ. ಚೆನ್ನಾಗಿ ಉರಿಯುವ ಬೆಂಕಿಯ ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ, ಕಂಡೂ ಕಾಣದಂತಿರುತ್ತದೆ. ಸ್ಮೋಕರ್ ಬಲ್ಲವರು ಬಯಸುವುದು ಈ ತೆಳು ಹೊಗೆಯನ್ನೇ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಯ ಅಡುಗೆಮನೆಗಾಗಿ ಅಸ್ತ್ರ ಒಲೆ ರೂಪಿಸಿದ್ದೂ ಇದೇ ತತ್ವದ ಮೇಲೆ: ಬೆಂಕಿಗೆ ಬೇಕಾದಷ್ಟೇ ಗಾಳಿ, ಹೊಗೆಗೆ ಕೊಳವೆಯ ದಾರಿ. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ಊರ್ಜಾ ಎಂಬ ಒಲೆಯೂ ಬಂತು. ಬೆಳೆಯ ಕಸದಿಂದ ಮಾಡಿದ ಗುಳಿಗೆ, ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು. ಅಲ್ಲಿ ಹಳ್ಳಿಯ ಹೆಂಗಸರ ಶ್ವಾಸಕೋಶ ಉಳಿಸಲು ಮಾಡಿದ್ದನ್ನು ಇಲ್ಲಿ ಭಾನುವಾರದ ರುಚಿಗೆ ಮಾಡಿದ್ದಾರೆ. ನಮ್ಮ ಮನೆಗೆ ಎರಡೂ ಬೇಕಿತ್ತು.

ಹತ್ತು ಹೋಳು ಬ್ರೆಡ್ಡಿನ ಪರೀಕ್ಷೆ

ಅಂಗಡಿಯಲ್ಲಿ ಎಲ್ಲ ಪೆಟ್ಟಿಗೆಗಳೂ ಮಿರಮಿರ ಮಿಂಚುತ್ತವೆ. ಬೆಂಕಿಯಿಲ್ಲದ ಒಲೆಯನ್ನು ನೋಡಿ ಏನು ತಿಳಿಯುತ್ತದೆ? ನಮ್ಮ ಬೀದಿಯಲ್ಲೇ ಎರಡು ಮನೆಗಳಲ್ಲಿ ಪೆಲೆಟ್ ಗ್ರಿಲ್ ಇತ್ತು. ಒಂದು ಬಹಳ ಹಳೆಯದು, ಇನ್ನೊಂದು ಹೋದ ವರ್ಷದ್ದು. ಇಬ್ಬರೂ ಸಂತೋಷದಿಂದ ಒಪ್ಪಿದರು.

ಎರಡನ್ನೂ 225 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟೆವು. ಅಂದರೆ ಸುಮಾರು 107 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದಕ್ಕಿಂತ ತುಸು ಹೆಚ್ಚು. ನಿಧಾನ ಅಡುಗೆಗೆ ಇಲ್ಲಿನವರು ಹೆಚ್ಚಾಗಿ ಇಡುವ ಕಾವು ಇದು. ಮೊಮ್ಮಗಳು ಬೇರೆಯದೇ ಥರ್ಮಾಮೀಟರ್ ಇಟ್ಟು ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡಳು. ಹಳೆಯ ಯಂತ್ರದಲ್ಲಿ ಕಾವು 200ಕ್ಕೆ ಇಳಿದು 250 ದಾಟಿ ಮತ್ತೆ ಇಳಿಯಿತು. ಹೊಸದರಲ್ಲಿ 220ರಿಂದ 232ರ ನಡುವೆಯೇ ನಿಂತಿತು. ಕಾರಣ ಅವುಗಳ ಮಿದುಳು. ಹಳೆಯದು ಗಡಿಯಾರ ನೋಡಿಕೊಂಡು ಇಷ್ಟು ಸೆಕೆಂಡು ತಿರುಪು ತಿರುಗಿಸು, ಇಷ್ಟು ಸೆಕೆಂಡು ನಿಲ್ಲಿಸು ಎನ್ನುತ್ತದೆ. ಹೊಸದರಲ್ಲಿರುವುದು ಪಿಐಡಿ ಎಂಬ ವಿಧಾನ. ಕಾವು ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ, ಎಷ್ಟು ಬೇಗ ಬದಲಾಗುತ್ತಿದೆ ಎಂಬ ಮೂರನ್ನೂ ಲೆಕ್ಕ ಹಾಕಿ ಗುಳಿಗೆ ಕೊಡುತ್ತದೆ. ಸೈಕಲ್ ಕಲಿಯುವಾಗ ಮೊದಮೊದಲು ಹ್ಯಾಂಡಲನ್ನು ಅತ್ತ ಇತ್ತ ಜೋರಾಗಿ ತಿರುಗಿಸುತ್ತೇವೆ. ರೂಢಿಯಾದ ಮೇಲೆ ಬೀಳುವ ಮೊದಲೇ ಸ್ವಲ್ಪವೇ ತಿರುಗಿಸುತ್ತೇವೆ. ಹಾಗೆ.

ಆಮೇಲೆ ಕಾವು ಏರಿಸಿ ಜಾಲರಿಯ ಮೇಲೆ ಹತ್ತು ಹೋಳು ಬ್ರೆಡ್ಡು ಹರಡಿದೆವು. ಎಲ್ಲಿ ಬೇಗ ಕಂದಾಗುತ್ತದೋ ಅಲ್ಲಿ ಕಾವು ಹೆಚ್ಚು. ಹಳೆಯದರ ಎಡಗಡೆಯ ಎರಡು ಹೋಳು ಕರಿದವು, ಬಲಗಡೆಯವು ಬೆಳ್ಳಗೇ ಉಳಿದವು. ಹೊಸದರಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣ. ಸುಟ್ಟ ಬ್ರೆಡ್ಡಿನ ಚಿತ್ರವನ್ನು ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ಅಂಗಡಿಯ ಯಾವ ಬಣ್ಣದ ಹಾಳೆಗಿಂತಲೂ ಅದು ನಮಗೆ ಹೆಚ್ಚು ಹೇಳಿತು.

ಹೊಗೆಯ ಕಡೆಗೂ ಕಣ್ಣಿಟ್ಟಿದ್ದೆವು. ಎರಡೂ ಯಂತ್ರಗಳು ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ದಟ್ಟ ಬಿಳಿ ಹೊಗೆ ಉಗುಳಿದವು. ಆಮೇಲೆ ತೆಳುವಾಯಿತು. ಕಾವು ಏರಿಸಿದಷ್ಟೂ ಹೊಗೆ ಕಡಿಮೆ. ಇದ್ದಿಲು, ಸೌದೆಯ ಸ್ಮೋಕರಿಗೆ ಹೋಲಿಸಿದರೆ ಪೆಲೆಟ್ ಗ್ರಿಲ್ಲಿನ ಅಡುಗೆಯಲ್ಲಿ ಹೊಗೆಯ ರುಚಿ ಕಡಿಮೆ ಎಂದು ಇಲ್ಲಿನ ರಸಿಕರು ದೂರುತ್ತಾರೆ. ಅವರಿಗೆ ಅದು ಕೊರತೆ. ನಮ್ಮ ಮನೆಗೆ ಅದೇ ಬೇಕಾದ ಗುಣ. ಆದರೂ ತೆಳು ಹೊಗೆಯೂ ಹೊಗೆಯೇ. ಉಬ್ಬಸದವರು ಹತ್ತಿರ ನಿಲ್ಲುವಂತಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದೆವು.

ಬದನೆಕಾಯಿ ಕೇಳಿದ ಪ್ರಶ್ನೆ

ಹೊಸ ಯಂತ್ರವೇ ಸರಿ ಎಂದು ತೀರ್ಮಾನಿಸುವಷ್ಟರಲ್ಲಿ ಹೆಂಡತಿ ಒಂದು ದೊಡ್ಡ ಬದನೆಕಾಯಿ ಕೊಟ್ಟು ಕಳಿಸಿದಳು. “ಅದರಲ್ಲಿ ಸುಟ್ಟು ತನ್ನಿ, ಗೊಜ್ಜು ಮಾಡಿ ನೋಡೋಣ.” ಮುಕ್ಕಾಲು ಗಂಟೆ ಇಟ್ಟೆವು. ಒಳಗೆಲ್ಲ ಬೆಣ್ಣೆಯಂತೆ ಬೆಂದಿತ್ತು. ಆದರೆ ಸಿಪ್ಪೆ ಸುಕ್ಕಾಗಿತ್ತೇ ಹೊರತು ಕರಿದಿರಲಿಲ್ಲ. ಮೂಸಿ ನೋಡಿ ಅವಳೆಂದಳು: “ಇದು ಬೆಂದ ಬದನೆಕಾಯಿ, ಸುಟ್ಟ ಬದನೆಕಾಯಿ ಅಲ್ಲ.”

ಮಾತು ನೂರಕ್ಕೆ ನೂರು ಸರಿ. ಬೆಂಕಿಯ ಮೇಲೆ ತಗಡು ಮುಚ್ಚಿರುವುದರಿಂದ ಪೆಲೆಟ್ ಗ್ರಿಲ್ ಸ್ವಭಾವದಲ್ಲಿ ಒಂದು ಓವನ್. ಅನೇಕ ಮಾದರಿಗಳ ಗರಿಷ್ಠ ಕಾವು ಸುಮಾರು 500 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 260 ಡಿಗ್ರಿ ಸೆಲ್ಸಿಯಸ್. ನಿಧಾನ ಅಡುಗೆಗೆ ಅದು ಧಾರಾಳ. ಕೆಂಡದಂತೆ ಮೇಲ್ಮೈ ಸುಡಲು ಸಾಲದು. ಇದಕ್ಕೆ ಕಂಪನಿಗಳು ಬೇರೆಬೇರೆ ಉಪಾಯ ಹುಡುಕಿವೆ. ಪಿಟ್ ಬಾಸ್‌ನ ಹಲವು ಮಾದರಿಗಳಲ್ಲಿ, ಕ್ಯಾಂಪ್ ಷೆಫ್‌ನ ಕೆಲವು ಮಾದರಿಗಳಲ್ಲಿ ಬೆಂಕಿಯ ಮೇಲಿನ ತಗಡನ್ನು ಹಿಡಿಕೆಯಿಂದ ಸರಿಸಬಹುದು. ಆಗ ಜ್ವಾಲೆ ನೇರವಾಗಿ ಮೇಲೆ ಬರುತ್ತದೆ. ವೆಬರ್‌ನ ಸೀಯರ್‌ವುಡ್ ಎಂಬ ಮಾದರಿ 600 ಡಿಗ್ರಿ ಫ್ಯಾರನ್‌ಹೀಟಿನವರೆಗೆ ಏರುತ್ತದೆ. ಅಲ್ಲಿಯವರೆಗೆ ನಮ್ಮ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯೊಂದು ಮೊದಲ ಸಾಲಿಗೆ ಬಂತು: ಬೇಯಿಸುತ್ತದೆ ಸರಿ, ಸುಡುತ್ತದೆಯೇ?

ದುಡ್ಡು ಎಲ್ಲಿಗೆ ಹೋಗುತ್ತದೆ?

ನಾವು ನೋಡಿದ ಯಂತ್ರಗಳನ್ನು ಮೂರು ಗುಂಪು ಮಾಡಿಕೊಂಡೆವು. 400ರಿಂದ 600 ಡಾಲರ್‌ನವು ಮೊದಲ ಗುಂಪು. ಅಡುಗೆ ಚೆನ್ನಾಗಿಯೇ ಆಗುತ್ತದೆ. ಆದರೆ ತಗಡು ತೆಳು. ಚಳಿಯಲ್ಲಿ, ಗಾಳಿಯಲ್ಲಿ ಕಾವು ಬೇಗ ಸೋರಿ ಗುಳಿಗೆ ಹೆಚ್ಚು ಬೇಕಾಗುತ್ತದೆ. 800ರಿಂದ 1,200 ಡಾಲರ್‌ನವು ಎರಡನೆಯ ಗುಂಪು. ಪಿಐಡಿ ಮಿದುಳು, ದಪ್ಪ ತಗಡು, ಫೋನಿನಿಂದಲೇ ಕಾವು ನೋಡುವ ಸೌಲಭ್ಯ ಇಲ್ಲಿ ಸಾಮಾನ್ಯ. ಮೂರನೆಯದು ಅದಕ್ಕೂ ಮೇಲಿನವು. ಎರಡು ಪದರದ ಗೋಡೆ, ಹೆಚ್ಚು ಸ್ಟೇನ್‌ಲೆಸ್ ಸ್ಟೀಲು, ದೊಡ್ಡ ಪರದೆ.

ಮಗನಿಗೆ ಪರದೆಯ ಮೇಲೆ ಕಣ್ಣು. ನಾನು ಬಗ್ಗಿ ಕೆಳಗೆ ನೋಡಿದೆ. ಬೂದಿ ಎಲ್ಲಿ ಬೀಳುತ್ತದೆ? ಕೆಲವು ಯಂತ್ರಗಳಲ್ಲಿ ಜಾಲರಿ, ತಗಡು, ಎಲ್ಲ ಎತ್ತಿ ಬೂದಿ ತೆಗೆಯಬೇಕು. ಇನ್ನು ಕೆಲವಲ್ಲಿ ಕೆಳಗೊಂದು ಲೋಟದಂಥದು. ಹಿಡಿಕೆ ಎಳೆದರೆ ಬೂದಿ ಅದಕ್ಕೆ ಬೀಳುತ್ತದೆ. ಒಲೆಯ ಬೂದಿ ತೆಗೆಯದೆ ಬೆಂಕಿ ಹಚ್ಚಿದರೆ ಏನಾಗುತ್ತದೆ ಎಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಇಲ್ಲೂ ಅಷ್ಟೇ. ಬಟ್ಟಲಿನಲ್ಲಿ ಬೂದಿ ತುಂಬಿದರೆ ಗಾಳಿ ಆಡದೆ ಹೊಗೆ ಹೆಚ್ಚುತ್ತದೆ, ಬೆಂಕಿ ಸರಿಯಾಗಿ ಹೊತ್ತುವುದಿಲ್ಲ. ಬೂದಿ ತೆಗೆಯುವುದು ಸುಲಭವಿದ್ದರೆ ತೆಗೆಯುತ್ತಾರೆ, ಕಷ್ಟವಿದ್ದರೆ ನಾಳೆ ಎನ್ನುತ್ತಾರೆ. ಆ ಕಷ್ಟ ಕೊನೆಗೆ ಮುಟ್ಟುವುದು ಹೊಗೆ ಕುಡಿಯುವವರನ್ನು.

ಖರ್ಚಿನ ಲೆಕ್ಕವನ್ನು ಮೊಮ್ಮಗಳೇ ಮಾಡಿದಳು. ಸಣ್ಣ ಕಾವಿನಲ್ಲಿ ಗಂಟೆಗೆ ಸುಮಾರು ಅರ್ಧ ಕಿಲೋ ಗುಳಿಗೆ ಸಾಕು. 9 ಕಿಲೋ ಚೀಲಕ್ಕೆ ನಾವು ಕೇಳಿದ ಅಂಗಡಿಯಲ್ಲಿ 20 ಡಾಲರ್. ಎಂಟು ಗಂಟೆಯ ಅಡುಗೆಗೆ ಎಷ್ಟಾಯಿತು? ನೀವೂ ಮಾಡಿ ನೋಡಿ. 9 ಡಾಲರಿನ ಆಸುಪಾಸು ಬರಬೇಕು. ಕರೆಂಟು ಹೆಚ್ಚು ಬೇಡ. ಹೊತ್ತಿಸುವಾಗ ಕೆಲವು ನಿಮಿಷ ಸುಮಾರು 300 ವಾಟ್, ಆಮೇಲೆ ಒಂದು ಸೀಲಿಂಗ್ ಫ್ಯಾನಿನಷ್ಟು. ಆದರೆ ಕರೆಂಟು ಹೋದರೆ ತಿರುಪೂ ನಿಂತಿತು, ಫ್ಯಾನೂ ನಿಂತಿತು, ಅಡುಗೆಯೂ ನಿಂತಿತು. ಸೌದೆ ಒಲೆಗೆ ಈ ತೊಂದರೆ ಇಲ್ಲ.

ಒರೆಗನ್ನಿನ ಈ ಭಾಗದಲ್ಲಿ ನಮ್ಮ ಮಲೆನಾಡಿನಂತೆಯೇ ತಿಂಗಳುಗಟ್ಟಲೆ ಜಿಟಿಜಿಟಿ ಮಳೆ; ಇಲ್ಲಿ ಅದು ಚಳಿಗಾಲದಲ್ಲಿ. ಗುಳಿಗೆಗೆ ತೇವ ತಾಗಿದರೆ ಉಬ್ಬಿ, ಪುಡಿಯಾಗಿ ಮತ್ತೆ ಹೊಟ್ಟಾಗುತ್ತದೆ. ತಿರುಪಿನಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ದೊಡ್ಡ ಕೆಲಸ. ಆದ್ದರಿಂದ ಡಬ್ಬ ಖಾಲಿ ಮಾಡುವ ಬಾಗಿಲು ಇದೆಯೇ ಎಂದೂ ನೋಡಿದೆವು. ಉಳಿದ ಗುಳಿಗೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಆಯಿತು, ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಇಡುವ ಹಾಗೆ.

ಕೊನೆಗೆ ಬಂದದ್ದು

ನಾವು ಕೊಂಡದ್ದು ನಡುವಿನ ಗುಂಪಿನ ಒಂದು ಯಂತ್ರ. ಹೆಸರು ಹೇಳಿದರೆ ಜಾಹೀರಾತಾದೀತು, ಗುಣ ಹೇಳುತ್ತೇನೆ. ಪಿಐಡಿ ಮಿದುಳು ಇದೆ. ಬೂದಿಯ ಲೋಟ ಇದೆ. ಬೆಂಕಿಯ ಮೇಲಿನ ತಗಡು ಸರಿಯುತ್ತದೆ. ದೊಡ್ಡ ಪರದೆ ಇಲ್ಲ.

ಅದನ್ನು ಇಡುವ ಜಾಗವನ್ನು ಹೆಂಡತಿಯೇ ಆರಿಸಿದಳು. ಒಂದು ವಾರ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಹಗ್ಗಕ್ಕೆ ಹಾಕಿದ ಸೀರೆ ನೋಡಿ ಗೊತ್ತುಮಾಡಿ, ಅಡುಗೆಮನೆಯ ಕಿಟಕಿಯಿಂದ ದೂರದ ಮೂಲೆ ತೋರಿಸಿದಳು. ಹೊತ್ತಿಸುವ ಮೊದಲ ಹದಿನೈದು ನಿಮಿಷ ಕಿಟಕಿಗಳೆಲ್ಲ ಬಂದ್, ಅವಳು ಒಳಗೆ. ಇದು ಮನೆಯ ಕಾನೂನು.

ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಂಸದ ದೊಡ್ಡ ತುಂಡೊಂದನ್ನು ಇಟ್ಟೆವು. ಒಳಗಿನ ಕಾವು 160 ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರ ಬಂದು ಎರಡು ಗಂಟೆ ಕದಲದೆ ನಿಂತಿತು. ಯಂತ್ರ ಕೆಟ್ಟಿತೇ ಎಂದು ಮೊಮ್ಮಗಳಿಗೆ ಗಾಬರಿ. ಕೆಟ್ಟಿರಲಿಲ್ಲ. ಮಾಂಸದ ಮೇಲ್ಮೈಯ ನೀರು ಆವಿಯಾಗುವಾಗ ಕಾವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ತೇವ ಆರಿದ ಮೇಲೆ ಕಾವು ತಾನಾಗಿ ಏರುತ್ತದೆ. ಕಾಯುವುದೊಂದೇ ಕೆಲಸ. ಹಾಗೆ ಕಾಯುತ್ತಿದ್ದಾಗ ಸೊಸೆ ಮಗಳ ಜೊತೆ ಚೌಕಾಬಾರ ಆಡುತ್ತಿದ್ದಳು. ಹಳೆಯ ಸ್ಮೋಕರ್ ಇದ್ದಾಗ ಈ ಹೊತ್ತಿನಲ್ಲಿ ಅವಳ ಕೈಯಲ್ಲಿ ಇದ್ದಿಲಿನ ಇಕ್ಕಳ ಇರುತ್ತಿತ್ತು.

ಸಂಜೆ ತಗಡು ಸರಿಸಿ, ಜ್ವಾಲೆಯ ಮೇಲೆ ಬದನೆಕಾಯಿ ಇಟ್ಟೆವು. ಸಿಪ್ಪೆ ಚಟಪಟ ಸಿಡಿದು ಕರಿದಾಯಿತು. ಸಿಪ್ಪೆ ಸುಲಿದು, ಹಸಿಮೆಣಸು, ಹುಣಸೆ ಹುಳಿ, ಚೂರು ಬೆಲ್ಲ ಹಾಕಿ ಕಿವುಚಿ, ಒಗ್ಗರಣೆ ಕೊಟ್ಟಳು. “ಹ್ಞಾಂ, ಇದು ಸುಟ್ಟದ್ದು” ಎಂದಳು. ರಾತ್ರಿ ಅವಳ ಉಬ್ಬಸದ ಪಂಪು ಮೇಜಿನ ಮೇಲಿಟ್ಟಲ್ಲೇ ಇತ್ತು. ಮುಂದಿನ ಬೇಸಿಗೆಗೆ ಟಿಕೆಟ್ ನೋಡು ಎಂದು ಮಗನಿಗೆ ಹೇಳಿದ್ದಾಳೆ.

ಹಿತ್ತಿಲ ಒಲೆ ಕೊಳ್ಳುವ ಮುನ್ನ ಕೇಳಿ

• ಕಾವು ಎಷ್ಟು ಏರುತ್ತದೆ ಎಂಬುದಕ್ಕಿಂತ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ? ಉರಿಯುತ್ತಿರುವ ಒಂದನ್ನು ನೋಡಿಯೇ ಕೊಳ್ಳಿ.

• ಬೂದಿ ತೆಗೆಯುವುದು, ಜಿಡ್ಡಿನ ತಟ್ಟೆ ತೊಳೆಯುವುದು ಸುಲಭವೇ? ಜಿಡ್ಡು ಕಟ್ಟಿದರೆ ಬೆಂಕಿ ಹತ್ತಿಕೊಳ್ಳಬಹುದು. ಜಿಡ್ಡಿನ ಬೆಂಕಿಗೆ ಎಂದೂ ನೀರು ಸುರಿಯಬಾರದು.

• ನಿಮ್ಮ ಮನೆಯಲ್ಲಿ ನಿಜವಾಗಿ ಮಾಡುವ ಅಡುಗೆ ಇದರಲ್ಲಿ ಆಗುತ್ತದೆಯೇ? ಬದನೆಕಾಯಿ ಒಯ್ದು ನೋಡಿ.

• ಮಿದುಳು, ಫ್ಯಾನು, ಹೊತ್ತಿಸುವ ಕಡ್ಡಿ ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ? ಎಷ್ಟು ವರ್ಷದ ವಾರಂಟಿ?

• ಇಡಲು ಬಯಲು ಜಾಗ ಇದೆಯೇ? ಕೋಣೆಯೊಳಗೆ, ಗ್ಯಾರೇಜಿನಲ್ಲಿ ಉರಿಸಲೇಬಾರದು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಜೀವ ತೆಗೆಯುತ್ತದೆ.

• ಮಕ್ಕಳೇ, ಮುಚ್ಚಳ ಮುಚ್ಚಿದ್ದರೂ ಪೆಟ್ಟಿಗೆ ಸುಡುತ್ತದೆ. ಕಾವು ಬರೆದುಕೊಳ್ಳುವ ಕೆಲಸ ನಿಮ್ಮದು, ತೆರೆಯುವ ಕೆಲಸ ದೊಡ್ಡವರದು.